ಫೋಟೋ ಹುಚ್ಚಿನಿಂದ ಸಿನಿಮಾ ಛಾಯಾಗ್ರಹಣದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕ್ಯಾಮೆರಾ ವಿಭಾಗದ ಕೆಳಗಿನ ಮೆಟ್ಟಿಲಿನಿಂದ ಕೆಲಸ ಕಲಿತು ಬಂದವನು. ಅದಕ್ಕೂ ಮೊದಲು, ಎಲ್ಲರ ಹಾಗೆ, ಮನೆಯವರ ಫೋಟೋ ತೆಗೆಯುತ್ತಿದ್ದ ಹುಡುಗ. ಶೂಟಿಂಗ್ ಬಿಡುವಿನಲ್ಲಿ ಹತ್ತಿರ ಬಂದು ಮಾತಾಡಿಸುವ ಹುಡುಗ ಹುಡುಗಿಯರು, ಕೆಲವೊಮ್ಮೆ ಅವರ ತಂದೆ ತಾಯಿ, ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಬಾಯಿಮಾತಿನಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸಮಾಧಾನವಾಗಿ ಬರೆದಿದ್ದೇನೆ.

ಚಿಕ್ಕಂದಿನಿಂದ ಫೋಟೋ ತೆಗೆಯುವ ಹುಚ್ಚಿದೆ. ಸಿನಿಮಾ ಛಾಯಾಗ್ರಾಹಕನಾಗಲು ಇಷ್ಟು ಸಾಕೇ?

ಶುರು ಮಾಡಲು ಧಾರಾಳವಾಗಿ ಸಾಕು.

ನನಗೆ ಹದಿಮೂರು ವರ್ಷವಿದ್ದಾಗ ಮಾವ ತಮ್ಮ ಹಳೆಯ ಫಿಲ್ಮ್ ಕ್ಯಾಮೆರಾ ಕೊಟ್ಟರು. ಒಂದು ರೋಲಿಗೆ 36 ಚಿತ್ರ. ರೋಲ್ ಮುಗಿದರೆ ಇನ್ನೊಂದು ಸಿಗುವುದು ಯಾವಾಗಲೋ. ಹಾಗಾಗಿ ಬಟನ್ ಒತ್ತುವುದಕ್ಕಿಂತ ಒತ್ತದೆ ನೋಡುತ್ತಿದ್ದುದೇ ಹೆಚ್ಚು. ಒಂದು ಮಧ್ಯಾಹ್ನ ಅಕ್ಕ ಹಗ್ಗದ ಮೇಲೆ ಬಿಳಿ ಬೆಡ್‌ಶೀಟ್ ಒಣಹಾಕುತ್ತಿದ್ದಳು. ಬಿಸಿಲಿನಲ್ಲಿ ನಿಂತಿದ್ದಾಗ ಅವಳ ಕಣ್ಣಿನ ಗುಳಿಗಳು ಕಪ್ಪಾಗಿ ಕಾಣುತ್ತಿದ್ದವು. ಬೆಡ್‌ಶೀಟಿನ ಹಿಂದಕ್ಕೆ ಹೋದಳೋ ಇಲ್ಲವೋ, ಆ ಕಪ್ಪು ಕರಗಿ ಮುಖವೆಲ್ಲ ತಿಳಿಯಾಯಿತು. ಆ ಫೋಟೋ ಇನ್ನೂ ನನ್ನ ಬಳಿ ಇದೆ. ಅದಕ್ಕೆ ಡಿಫ್ಯೂಷನ್ ಎನ್ನುತ್ತಾರೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಸೆಟ್ಟಿನಲ್ಲಿ ದೊಡ್ಡ ಚೌಕಟ್ಟಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಾಗ. ಹೆಸರು ಮಾತ್ರ ಹೊಸದಾಗಿತ್ತು, ಕಣ್ಣು ಅದನ್ನು ಮೊದಲೇ ನೋಡಿಬಿಟ್ಟಿತ್ತು.

ನಿಮ್ಮಲ್ಲೂ ಇಂಥ ನಾಲ್ಕಾರು ನೆನಪುಗಳಿದ್ದರೆ ಬಂಡವಾಳ ಇದೆ ಎಂದೇ ಅರ್ಥ. ಆಮೇಲೆ ಕಲಿಯಬೇಕಾದ್ದು ಬಹಳಷ್ಟಿದೆ, ಅದು ಬೇರೆ ಮಾತು.

ಎರಡೂ ಕ್ಯಾಮೆರಾ ಕೆಲಸವೇ ಅಲ್ಲವೇ? ನಿಜವಾದ ವ್ಯತ್ಯಾಸ ಎಲ್ಲಿದೆ?

ಚಿತ್ರ ಅಲುಗುತ್ತದೆ, ಅದೇ ವ್ಯತ್ಯಾಸ ಎಂದು ತುಂಬಾ ಜನ ಹೇಳುತ್ತಾರೆ. ಅದು ಕಣ್ಣಿಗೆ ಕಾಣುವ ವ್ಯತ್ಯಾಸ. ಕೆಲಸ ಮಾಡುವವನಿಗೆ ತಟ್ಟುವ ವ್ಯತ್ಯಾಸ ಕಾಲದ್ದು. ಫೋಟೋಗ್ರಾಫರ್ ಒಳ್ಳೆಯ ಬೆಳಕಿಗಾಗಿ ಕಾಯುತ್ತಾನೆ, ಬಂದಾಗ ಹಿಡಿಯುತ್ತಾನೆ, ಅಲ್ಲಿಗೆ ಮುಗಿಯಿತು. ಸಿನಿಮಾದವನು ಆ ಬೆಳಕನ್ನು ಹೋಗದಂತೆ ಇಡೀ ದಿನ ಇಟ್ಟುಕೊಳ್ಳಬೇಕು.

ಒಂದು ದೃಶ್ಯ ಇಟ್ಟುಕೊಳ್ಳೋಣ. ಕಿಟಕಿಯ ಪಕ್ಕ ಇಬ್ಬರು ಕೂತು ಮಾತಾಡುತ್ತಾರೆ. ತೆರೆಯ ಮೇಲೆ ಎರಡು ನಿಮಿಷ. ಚಿತ್ರೀಕರಣ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆ ನಾಲ್ಕಕ್ಕೆ ಮುಗಿಯಬಹುದು. ಮೊದಲು ಇಬ್ಬರೂ ಕಾಣುವ ವೈಡ್ ಶಾಟ್, ಆಮೇಲೆ ಒಬ್ಬರ ಕ್ಲೋಸಪ್, ಊಟದ ನಂತರ ಕ್ಯಾಮೆರಾ ಈ ಕಡೆಯಿಂದ ಆ ಕಡೆಗೆ ತಿರುಗಿಸಿ ಇನ್ನೊಬ್ಬರದ್ದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎಂಟು ಗಂಟೆಯಲ್ಲಿ 120 ಡಿಗ್ರಿ. ಬೆಳಿಗ್ಗೆ ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದ ಬಿಸಿಲು ಮಧ್ಯಾಹ್ನಕ್ಕೆ ಕಿಟಕಿಯ ಬುಡಕ್ಕೆ ಸೇರಿ, ಆಮೇಲೆ ಕೋಣೆಯಿಂದಲೇ ಹೊರಟುಹೋಗಿರುತ್ತದೆ. ಕಥೆಯಲ್ಲಿ ಮಾತ್ರ ಕಳೆದದ್ದು ಅದೇ ಎರಡು ನಿಮಿಷ.

ನಾನು ಮೊದಲ ಬಾರಿ ಸ್ವತಂತ್ರವಾಗಿ ಮಾಡಿದ ಕಿರುಚಿತ್ರದಲ್ಲಿ ಇದೇ ಆಯಿತು. ಬೆಳಿಗ್ಗೆಯ ವೈಡ್ ಶಾಟಿನಲ್ಲಿ ಕಿಟಕಿಯ ಸರಳುಗಳ ನೆರಳು ನಾಯಕಿಯ ಹೆಗಲ ಮೇಲೆ ಓರೆಯಾಗಿ ಬಿದ್ದಿತ್ತು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನು ಅದನ್ನೇ ನೋಡುತ್ತ ಕೂತೆ. ಮೂರು ಗಂಟೆಗೆ ಅವಳ ಕ್ಲೋಸಪ್ ತೆಗೆದಾಗ ನೆರಳೂ ಇಲ್ಲ, ಬಿಸಿಲೂ ಇಲ್ಲ. ಸಂಕಲನದ ಮೇಜಿನ ಮೇಲೆ ಆ ಎರಡು ಶಾಟ್ ಪಕ್ಕಪಕ್ಕ ಇಟ್ಟಾಗ ಬೇರೆ ಬೇರೆ ದಿನದ ಹಾಗೆ ಕಾಣುತ್ತಿದ್ದವು. ಆ ನಟಿಯ ಅತ್ಯುತ್ತಮ ಟೇಕ್ ಬಳಸಲಾಗದೆ ಹೋಯಿತು. ಅವಳ ಅಭಿನಯವನ್ನು ನನ್ನ ಬೆಳಕು ನುಂಗಿಹಾಕಿತಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಅದಕ್ಕೇ ಅನುಭವಸ್ಥರು ಬಿಸಿಲನ್ನು ನಂಬಿ ಕೂರುವುದಿಲ್ಲ. ಕಿಟಕಿಯ ಹೊರಗೆ ದೊಡ್ಡ ಲೈಟ್ ನಿಲ್ಲಿಸಿ, ಅಸಲಿ ಬಿಸಿಲು ಒಳಗೆ ಬಾರದಂತೆ ಕಪ್ಪು ಬಟ್ಟೆ ಕಟ್ಟಿ, ತಮ್ಮದೇ ಸೂರ್ಯನನ್ನು ಸಂಜೆಯವರೆಗೆ ಒಂದೇ ಕಡೆ ನಿಲ್ಲಿಸಿಕೊಳ್ಳುತ್ತಾರೆ. ಅಷ್ಟು ಲೈಟ್ ಇಲ್ಲದಿದ್ದರೆ ಕಿಟಕಿ ಕಾಣುವ ಶಾಟ್‌ಗಳನ್ನೆಲ್ಲ ಒಂದೇ ಹೊತ್ತಿನಲ್ಲಿ ಮುಗಿಸಿ, ಕಿಟಕಿ ಕಾಣದವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.

ಫೋಟೋಗ್ರಫಿಯಿಂದ ಬಂದವರು ನಿಜವಾಗಿಯೂ ದೊಡ್ಡ ಛಾಯಾಗ್ರಾಹಕರಾಗಿದ್ದಾರೆಯೇ?

ಆಗಿದ್ದಾರೆ. ರಾವುಲ್ ಕುತಾರ್ ಇಂಡೋಚೀನಾ ಯುದ್ಧದ ಫೋಟೋಗ್ರಾಫರ್ ಆಗಿದ್ದವರು, ಆಮೇಲೆ ಫ್ರೆಂಚ್ ಸಿನಿಮಾದ 'ಹೊಸ ಅಲೆ' ಎಂಬ ಚಳವಳಿಯ ಕಣ್ಣಾದರು. 1960ರಲ್ಲಿ ತೆರೆಕಂಡ, ನಿರ್ದೇಶಕ ಗೋದಾರ್ ಅವರ ಮೊದಲ ಕಥಾಚಿತ್ರದ ರಾತ್ರಿ ದೃಶ್ಯಗಳಿಗೆ ಆಗಿನ ಸಿನಿಮಾ ಫಿಲ್ಮಿನ ವೇಗ, ಅಂದರೆ ಕಡಿಮೆ ಬೆಳಕನ್ನೂ ಹಿಡಿಯುವ ಶಕ್ತಿ, ಸಾಲದು ಎನಿಸಿದಾಗ, ಫೋಟೋ ಕ್ಯಾಮೆರಾಗಳಿಗೆಂದು ಮಾರುತ್ತಿದ್ದ ಇಲ್ಫೋರ್ಡ್ ಎಚ್‌ಪಿಎಸ್ ಫಿಲ್ಮಿನ ಸಣ್ಣ ಸುರುಳಿಗಳನ್ನು ಒಂದಕ್ಕೊಂದು ಅಂಟಿಸಿ ಬಳಸಿದರು. ಫೋಟೋಗ್ರಾಫರ್ ಆಗಿದ್ದವರಿಗೇ ಹೊಳೆಯುವ ದಾರಿ ಅದು.

ಸುಬ್ರತ ಮಿತ್ರ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯ ಕೆಲಸಕ್ಕೆ ಕೈಹಾಕಿದಾಗ ಇಪ್ಪತ್ತೊಂದರ ಆಸುಪಾಸಿನವರು. ಅದಕ್ಕೆ ಮುಂಚೆ ಮೂವಿ ಕ್ಯಾಮೆರಾ ನಡೆಸಿದವರೇ ಅಲ್ಲ. ಚಿತ್ರ ಬಂದದ್ದು 1955ರಲ್ಲಿ. ಮರುವರ್ಷದ 'ಅಪರಾಜಿತೋ'ಗಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಬೇಕಾಯಿತು. ಮೇಲಿನಿಂದ ಇಳಿಯುವ ನೆರಳಿಲ್ಲದ ಆಕಾಶದ ಬೆಳಕನ್ನು ಸ್ಟುಡಿಯೋ ಲೈಟುಗಳಿಂದ ತರುವುದು ಹೇಗೆ? ಅವರು ಸೆಟ್ಟಿನ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿಸಿ, ಲೈಟುಗಳನ್ನು ಕೆಳಗಿನಿಂದ ಅದಕ್ಕೆ ಹಾಯಿಸಿ, ಮರಳಿ ಬೀಳುವ ಬೆಳಕಿನಲ್ಲಿ ಚಿತ್ರೀಕರಿಸಿದರು. ಇವತ್ತು ಬೌನ್ಸ್ ಲೈಟಿಂಗ್ ಎಂದು ಎಲ್ಲರೂ ಮಾಡುವುದು ಇದನ್ನೇ. ಈ ಪ್ರಸಂಗ ಓದಿದಾಗ ಅಕ್ಕನ ಬೆಡ್‌ಶೀಟ್ ನೆನಪಾಗಿ ನನಗೆ ಮೈ ಜುಮ್ಮೆಂದಿತ್ತು.

ಅಂದಹಾಗೆ ಈ ಎರಡು ಕಸುಬುಗಳ ನಂಟು ತಿರುಗಿಯೂ ಇದೆ. ಫೋಟೋದವರು ಬಳಸುವ 35 ಮಿಲಿಮೀಟರ್ ಫಿಲ್ಮ್ ಹುಟ್ಟಿದ್ದು ಸಿನಿಮಾಕ್ಕಾಗಿ. ಜರ್ಮನಿಯ ಕ್ಯಾಮೆರಾ ತಯಾರಕ ಆಸ್ಕರ್ ಬಾರ್ನಾಕ್ ಆ ಫಿಲ್ಮನ್ನು ಅಡ್ಡಕ್ಕೆ ಓಡಿಸಿ, ಸಿನಿಮಾದ 18×24 ಮಿಲಿಮೀಟರ್ ಚೌಕಟ್ಟನ್ನು ಇಮ್ಮಡಿ ಮಾಡಿ 24×36 ಮಾಡಿದರು. ಅದರಿಂದ ಬಂದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗಿಳಿಯಿತು. ಇವತ್ತು ಫುಲ್ ಫ್ರೇಮ್ ಎನ್ನುವುದು ಅದೇ ಅಳತೆಯನ್ನು.

ಫೋಟೋಗ್ರಫಿಯ ಯಾವ ಅಭ್ಯಾಸಗಳನ್ನು ಬಿಡಬೇಕಾಗುತ್ತದೆ?

ಮೊದಲನೆಯದು, ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸುವುದು. ಎತ್ತರದ ಮರ ಕಂಡರೆ ಫೋಟೋದವನ ಕೈ ತಾನಾಗಿ ತಿರುಗುತ್ತದೆ. ಸಿನಿಮಾದ ತೆರೆ ತಿರುಗುವುದಿಲ್ಲ. ಅಗಲ ಎತ್ತರದ 1.85ರಷ್ಟಿರಲಿ, 2.39ರಷ್ಟಿರಲಿ, ಆ ಅಗಲದ ಚೌಕಟ್ಟಿನಲ್ಲೇ ಮರವೂ ಬರಬೇಕು, ಮನುಷ್ಯನೂ ಬರಬೇಕು. ನಾಲ್ಕಾರು ತಿಂಗಳು ಒಂದೇ ಒಂದು ಉದ್ದ ಫೋಟೋ ತೆಗೆಯದೆ ಇದ್ದುನೋಡಿ, ಅಗಲ ನಿಮಗೆ ಒಗ್ಗುತ್ತದೆ.

ಎರಡನೆಯದು, ಒಂದು ಫ್ರೇಮ್ ತನ್ನಷ್ಟಕ್ಕೆ ಪೂರ್ತಿಯಾಗಿರಬೇಕು ಎಂಬ ಹಟ. ಒಳ್ಳೆಯ ಫೋಟೋ ಇಡೀ ಕಥೆಯನ್ನು ಒಂದರಲ್ಲೇ ಹೇಳಿಬಿಡುತ್ತದೆ. ಸಿನಿಮಾದ ಶಾಟ್ ಮುಂದಿನ ಶಾಟಿಗಾಗಿ ಏನನ್ನಾದರೂ ಉಳಿಸಿಕೊಳ್ಳಬೇಕು. ಒಬ್ಬಳು ಎಡಕ್ಕೆ ನೋಡುತ್ತಾಳೆ, ಏನನ್ನು ಎಂದು ಕಾಣುವುದಿಲ್ಲ. ಫೋಟೋ ಆಗಿದ್ದರೆ ಏನೋ ಕೊರತೆ ಎನಿಸಬಹುದಿತ್ತು. ಇಲ್ಲಿ ಆ ಕೊರತೆಯೇ ಕೆಲಸ ಮಾಡುತ್ತದೆ. ಫೋಟೋದಿಂದ ಬಂದವರ ಮೊದಲ ಚಿತ್ರಗಳಲ್ಲಿ ಪ್ರತಿ ಶಾಟೂ ಗೋಡೆಗೆ ನೇತುಹಾಕುವಷ್ಟು ಚೆಂದವಿದ್ದು, ಸೇರಿಸಿ ನೋಡಿದರೆ ಒಂದಕ್ಕೊಂದು ಮಾತೇ ಆಡದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ.

ಮೂರನೆಯದು, ಎಲ್ಲವನ್ನೂ ಒಬ್ಬನೇ ಮಾಡುವ ಚಾಳಿ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಶಟರ್ ಸ್ಪೀಡ್ ಇಷ್ಟಬಂದಂತೆ ಬದಲಿಸಬಾರದು ಅನ್ನುತ್ತಾರೆ, ಯಾಕೆ?

ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡುತ್ತದೆ. ಪ್ರತಿ ಫ್ರೇಮಿಗೆ ಸಿಗುವ ಸಮಯದ ಅರ್ಧದಷ್ಟು ಮಾತ್ರ ಶಟರ್ ತೆರೆದಿರುವುದು ವಾಡಿಕೆ. ಇದನ್ನೇ 180 ಡಿಗ್ರಿ ಶಟರ್ ಎನ್ನುವುದು. ಲೆಕ್ಕ ಹಾಕಿದರೆ 1/48 ಸೆಕೆಂಡ್. ಆಗ ಬೀಸುವ ಕೈ ಪ್ರತಿ ಫ್ರೇಮಿನಲ್ಲೂ ತುಸು ಮಸುಕಾಗುತ್ತದೆ, ಆ ಮಸುಕುಗಳು ಒಂದರೊಳಗೊಂದು ಬೆರೆತು ಚಲನೆ ಸಹಜವಾಗಿ ಕಾಣುತ್ತದೆ. 1/500ಕ್ಕೆ ಏರಿಸಿದರೆ ಪ್ರತಿ ಫ್ರೇಮೂ ಚೂಪಾಗಿ, ಚಲನೆ ತಡವರಿಸಿದಂತೆ ಕಾಣುತ್ತದೆ. ಯುದ್ಧದ ದೃಶ್ಯಕ್ಕೆ ಬೇಕೆಂದೇ ಹಾಗೆ ಮಾಡುವವರಿದ್ದಾರೆ. ಅದನ್ನು ಬಿಟ್ಟರೆ ಶಟರ್ ನಿಮ್ಮ ಕೈಯಲ್ಲಿಲ್ಲ ಎಂದುಕೊಳ್ಳಿ.

ಹಾಗಾದರೆ ಬಿಸಿಲಿನಲ್ಲಿ ಏನು ಮಾಡುವುದು? ಫೋಟೋದವರಿಗೆ ಸನ್ನಿ 16 ಸೂತ್ರ ಗೊತ್ತಿರುತ್ತದೆ: ನೆತ್ತಿಯ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ 1/100, ಅಪರ್ಚರ್ (ಲೆನ್ಸಿನ ಕಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್/16. ಈಗ ಕ್ಯಾಮೆರಾದ ಐಎಸ್‌ಒ 800 ಎಂದುಕೊಳ್ಳಿ, ಮೂರು ಸ್ಟಾಪ್ ಹೆಚ್ಚಾಯಿತು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಶಟರ್ ಹೆಚ್ಚುಕಡಿಮೆ 1/50, ಇನ್ನೊಂದು ಸ್ಟಾಪ್. ಅಂದರೆ ಅಪರ್ಚರ್ ಎಫ್/64ಕ್ಕೆ ಹೋಗಬೇಕು. ನಿಮಗೆ ಬೇಕಿರುವುದು ಎಫ್/4. ನಡುವೆ ಎಂಟು ಸ್ಟಾಪ್. ಆ ಎಂಟನ್ನೂ ಲೆನ್ಸ್ ಮುಂದೆ ಅಥವಾ ಕ್ಯಾಮೆರಾದೊಳಗೆ ಎನ್‌ಡಿ ಫಿಲ್ಟರ್, ಅಂದರೆ ಬಣ್ಣ ಬದಲಿಸದೆ ಬೆಳಕನ್ನು ತಗ್ಗಿಸುವ ಗಾಜು, ಹಾಕಿ ಕಳೆಯಬೇಕು. ಎನ್‌ಡಿ 0.3 ಎಂದರೆ ಒಂದು ಸ್ಟಾಪ್, ಆದ್ದರಿಂದ ಎಂಟಕ್ಕೆ 2.4. ಈ ಲೆಕ್ಕ ಬೆರಳ ತುದಿಯಲ್ಲಿರಬೇಕು. ಸೆಟ್ಟಿನಲ್ಲಿ ಯಾರೂ ನಿಮಗಾಗಿ ಕಾಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಇರುವಲ್ಲಿ ವಿದ್ಯುತ್ತಿನ ಮಿಡಿತ ಚಿತ್ರದಲ್ಲಿ ಮಿಣುಕಾಗಿ ಕಾಣಬಹುದು. ಕರೆಂಟ್ 50 ಹರ್ಟ್ಸ್ ಇರುವ ದೇಶಗಳಲ್ಲಿ 1/50, 60 ಹರ್ಟ್ಸ್ ಇರುವಲ್ಲಿ 1/60 ಇಟ್ಟರೆ ಸಾಮಾನ್ಯವಾಗಿ ತಪ್ಪಿಸಿಕೊಳ್ಳಬಹುದು.

ಛಾಯಾಗ್ರಾಹಕರು ಕ್ಯಾಮೆರಾ ಮುಟ್ಟುವುದೇ ಇಲ್ಲವಂತೆ, ಹೌದೇ?

ಕೆಲವರು ಮುಟ್ಟುತ್ತಾರೆ, ಕೆಲವರು ಮುಟ್ಟುವುದಿಲ್ಲ. ದೊಡ್ಡ ಯೂನಿಟ್ಟಿನಲ್ಲಿ ಕ್ಯಾಮೆರಾ ನಡೆಸಲು ಆಪರೇಟರ್ ಬೇರೆ. ಫೋಕಸ್ ಹಿಡಿಯಲು ಫೋಕಸ್ ಪುಲ್ಲರ್. ಲೆನ್ಸ್, ಬ್ಯಾಟರಿ, ಕ್ಲ್ಯಾಪ್ ನೋಡಿಕೊಳ್ಳಲು ಸಹಾಯಕರು. ಲೈಟುಗಳ ಮುಖ್ಯಸ್ಥ ಗ್ಯಾಫರ್, ಅವರ ಕೈಕೆಳಗೆ ಲೈಟ್‌ಮನ್‌ಗಳು. ಟ್ರಾಲಿ, ಕ್ರೇನ್, ಬೆಳಕು ತಡೆಯುವ ಕಟ್ಟರ್ ಇವೆಲ್ಲ ಗ್ರಿಪ್‌ಗಳ ಪಾಲು. ಇವರೆಲ್ಲರಿಗೂ ಏನು ಬೇಕು ಎಂದು ಹೇಳುವುದು ಛಾಯಾಗ್ರಾಹಕರ ಕೆಲಸ.

ಒಬ್ಬನೇ ಕ್ಯಾಮೆರಾ ಹಿಡಿದು ಓಡಾಡಿದವನಿಗೆ ಇಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಕಣ್ಣಿಗೆ ಕಂಡದ್ದನ್ನು ಬಾಯಲ್ಲಿ ಹೇಳಲು ಬರುವುದಿಲ್ಲ. "ಸ್ವಲ್ಪ ಇನ್ನೊಂಥರಾ ಮಾಡಿ" ಎಂದರೆ ಲೈಟ್‌ಮನ್ ಏನು ಮಾಡಬೇಕು? "ಆ ಲೈಟು ಎರಡು ಅಡಿ ಹಿಂದೆ, ಒಂದಡಿ ಮೇಲೆ, ಮುಂದೆ ಅರ್ಧ ಡಿಫ್ಯೂಷನ್ ಹಾಕಿ ಅಣ್ಣ" ಎಂದರೆ ಅರ್ಧ ನಿಮಿಷದಲ್ಲಿ ಆಗುತ್ತದೆ. ಕಂಡದ್ದನ್ನು ಅಳತೆಯ ಮಾತಿಗಿಳಿಸುವುದನ್ನು ಕಲಿಯಿರಿ. ಹಾಗೆಯೇ, ಇಪ್ಪತ್ತು ವರ್ಷ ಲೈಟ್ ಎತ್ತಿದ ಮನುಷ್ಯ "ಸರ್, ಇಲ್ಲಿ ಥರ್ಮೋಕೋಲ್ ಇಟ್ಟರೆ ಸಾಕು" ಎಂದಾಗ ಕೇಳಿಸಿಕೊಳ್ಳಿ. ನನಗೆ ಮುಖಕ್ಕೆ ಬೆಳಕು ಹಾಕುವುದನ್ನು ಕಲಿಸಿದವರಲ್ಲಿ ಅರ್ಧದಷ್ಟು ಜನ ಲೈಟ್‌ಮನ್‌ಗಳೇ.

ಫಿಲ್ಮ್ ಸ್ಕೂಲಿಗೆ ಹೋಗಲೇಬೇಕೇ?

ಹೋಗಲೇಬೇಕೆಂದಿಲ್ಲ, ಹೋದರೆ ಒಳ್ಳೆಯದೇ. ಶಾಲೆಯಲ್ಲಿ ಸಿಗುವ ದೊಡ್ಡ ಲಾಭ ತಪ್ಪು ಮಾಡುವ ಸ್ವಾತಂತ್ರ್ಯ. ಅಭ್ಯಾಸದ ಚಿತ್ರ ಕಪ್ಪಾಗಿ ಬಂದರೆ ಯಾರ ಹಣವೂ ಮುಳುಗುವುದಿಲ್ಲ. ಇನ್ನೊಂದು, ಮುಂದೆ ನಿರ್ದೇಶಕರೂ ಸಂಕಲನಕಾರರೂ ಆಗುವವರು ನಿಮ್ಮ ಪಕ್ಕದ ಬೆಂಚಿನಲ್ಲೇ ಕೂತಿರುತ್ತಾರೆ. ಮೊದಲ ಅವಕಾಶ ಸಾಮಾನ್ಯವಾಗಿ ಅಂಥ ಗೆಳೆತನದಿಂದಲೇ ಬರುತ್ತದೆ.

ಹೋಗಲು ಅನುಕೂಲವಿಲ್ಲ ಎಂದರೆ ಎದೆಗುಂದಬೇಡಿ. ನಾನೂ ಹೋದವನಲ್ಲ. ಸಹಾಯಕನಾಗಿ ಸೇರುವ ದಾರಿ ಹಳೆಯದು, ಗಟ್ಟಿಯಾದದ್ದು. ಎರಡನ್ನೂ ಬಿಟ್ಟು ವಿಡಿಯೋ ನೋಡಿ ಮಾತ್ರ ಕಲಿಯುತ್ತೇನೆ ಎಂದರೆ ನಾನು ಒಪ್ಪುವುದಿಲ್ಲ. ಐವತ್ತು ಜನ ನಿಮ್ಮ ಮುಖ ನೋಡುತ್ತಿರುವಾಗ, ಮೋಡ ಬರುತ್ತಿರುವಾಗ, ತೀರ್ಮಾನ ತೆಗೆದುಕೊಳ್ಳುವುದನ್ನು ಯಾವ ವಿಡಿಯೋ ಕಲಿಸುತ್ತದೆ?

ಸಹಾಯಕರಾಗಿ ಸೇರಿದರೆ ಮೊದಮೊದಲು ಏನು ಕೆಲಸ ಕೊಡುತ್ತಾರೆ?

ಪೆಟ್ಟಿಗೆ ಎತ್ತುವುದು. ಲೆನ್ಸ್ ಒರೆಸುವುದು. ಬ್ಯಾಟರಿ ಚಾರ್ಜಿಗೆ ಹಾಕುವುದು. ನಟರು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸುವುದು. ಕ್ಲ್ಯಾಪ್ ಹೊಡೆಯುವುದು. ಕಾರ್ಡ್‌ಗಳ ನಕಲು ಮಾಡಿಡುವುದು.

ಕಾರ್ಡಿನ ಕೆಲಸ ಸಣ್ಣದು ಅಂದುಕೊಳ್ಳಬೇಡಿ. ಚಿತ್ರೀಕರಿಸಿದ್ದು ಕನಿಷ್ಠ ಎರಡು ಬೇರೆ ಡಿಸ್ಕಿನಲ್ಲಿ ಪೂರ್ತಿ ನಕಲಾಗಿ, ತೆರೆದು ನೋಡಿ, ಒಂದು ಪ್ರತಿ ಬೇರೆ ಜಾಗಕ್ಕೆ ಹೋಗುವವರೆಗೆ ಕಾರ್ಡ್ ಅಳಿಸಬಾರದು. ನೂರು ಜನರ ದಿನವಿಡೀ ದುಡಿಮೆ ಆ ಉಗುರಗಲದ ಪ್ಲಾಸ್ಟಿಕ್ಕಿನಲ್ಲಿ ಕೂತಿರುತ್ತದೆ.

ಫೋಕಸ್ ಕೆಲಸಕ್ಕೆ ಬಡ್ತಿ ಸಿಕ್ಕಿದರೆ ಅದೃಷ್ಟ ಎಂದುಕೊಳ್ಳಿ. ಓಡಿಬರುವ ನಟನ ಕಣ್ಣು ಕ್ಯಾಮೆರಾದಿಂದ ಎಷ್ಟು ಅಡಿ ದೂರ ಎಂದು ಬರಿಗಣ್ಣಿನಲ್ಲಿ ಹೇಳುವುದನ್ನು ಕಲಿಯುತ್ತೀರಿ. ಮನೆಯಲ್ಲೇ ಅಭ್ಯಾಸ ಮಾಡಬಹುದು: ಬಾಗಿಲು ಎಷ್ಟು ದೂರ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ಟೇಪ್ ಹಿಡಿಯಿರಿ. ಒಂದು ತಿಂಗಳಲ್ಲಿ ನಿಮ್ಮ ಊಹೆ ಗೇಣಿನಷ್ಟೂ ತಪ್ಪುವುದಿಲ್ಲ.

ಯಾವ ಕ್ಯಾಮೆರಾ ಕೊಳ್ಳಲಿ?

ನಿಮ್ಮಲ್ಲಿ ಇರುವುದನ್ನೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಶಟರ್, ಅಪರ್ಚರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ನಾಲ್ಕನ್ನೂ ಕೈಯಿಂದ ಹೊಂದಿಸಬಹುದಾದ, ವಿಡಿಯೋ ತೆಗೆಯುವ ಯಾವುದಾದರೂ ಬಳಸಿದ ಕ್ಯಾಮೆರಾ ಸಾಕು. ಜೊತೆಗೆ ಒಂದೇ ಒಂದು ಪ್ರೈಮ್ ಲೆನ್ಸ್. ಝೂಮ್ ಇಲ್ಲದಿದ್ದರೆ ಕಾಲು ಓಡಾಡುತ್ತದೆ, ಕಾಲು ಓಡಾಡಿದರೆ ಹತ್ತಿರ ದೂರಗಳ ಅರ್ಥ ಗೊತ್ತಾಗುತ್ತದೆ. ವೃತ್ತಿಯ ಕೆಲಸಕ್ಕೆ ಕ್ಯಾಮೆರಾ ಬಾಡಿಗೆಗೆ ಬರುತ್ತದೆ, ಕೊಂಡು ಸಾಲಕ್ಕೆ ಬೀಳಬೇಡಿ. ಹಣ ಉಳಿದರೆ ಒಂದು ಒಳ್ಳೆಯ ಟ್ರೈಪಾಡ್ ಮತ್ತು ಒಂದು ಲೈಟ್ ತೆಗೆದುಕೊಳ್ಳಿ.

ಮೊಬೈಲಿನಲ್ಲಿ ಕಲಿಯಬಹುದೇ?

ಚೌಕಟ್ಟು, ಚಲನೆ, ಶಾಟ್ ಜೋಡಿಸುವುದು, ಇಷ್ಟನ್ನು ಚೆನ್ನಾಗಿಯೇ ಕಲಿಯಬಹುದು. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣವನ್ನು) ಅದು ತಾನೇ ಸರಿಮಾಡಿಕೊಳ್ಳದಂತೆ ಲಾಕ್ ಮಾಡಿಕೊಳ್ಳಿ.

ಬೆಳಕನ್ನು ಕಲಿಯುವುದು ಹೇಗೆ? ನನ್ನ ಬಳಿ ಲೈಟುಗಳಿಲ್ಲ.

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ತುಂಬಾ ಖುಷಿ. ಕ್ಯಾಮೆರಾ ಯಾವುದು ಎಂದು ಕೇಳುವವರು ಹತ್ತು ಜನರಾದರೆ ಬೆಳಕಿನ ಬಗ್ಗೆ ಕೇಳುವವರು ಒಬ್ಬರು.

ಮೊದಲು ಕಿಟಕಿ. ಮನೆಯ ಒಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ. ಬೇರೆ ದೀಪ ಎಲ್ಲ ಆರಿಸಿ. ಕಿಟಕಿಯ ಕಡೆಯ ಕೆನ್ನೆ ಬೆಳಗುತ್ತದೆ, ಆಚೆ ಕೆನ್ನೆ ಕತ್ತಲು. ಈಗ ಕತ್ತಲಿನ ಕಡೆ ಒಂದು ಬಿಳಿ ಹಾಳೆ ಹಿಡಿಯಿರಿ. ಹತ್ತಿರ ತಂದಂತೆ ಆ ಕೆನ್ನೆ ಮೆಲ್ಲಗೆ ಎಚ್ಚರಗೊಳ್ಳುತ್ತದೆ. ಹಾಳೆ ತೆಗೆದು ಅಲ್ಲೇ ಕಪ್ಪು ಬಟ್ಟೆ ಹಿಡಿಯಿರಿ. ಮೊದಲಿದ್ದುದಕ್ಕಿಂತಲೂ ಗಾಢವಾಗುತ್ತದೆ, ಯಾಕೆಂದರೆ ಗೋಡೆಯಿಂದ ಮರಳಿ ಬರುತ್ತಿದ್ದ ಬೆಳಕನ್ನೂ ಬಟ್ಟೆ ಕುಡಿದುಬಿಟ್ಟಿತು. ಬೆಳಕು ಹಾಕುವುದರಷ್ಟೇ ಬೆಳಕು ತೆಗೆಯುವುದೂ ನಮ್ಮ ಕೆಲಸ ಎಂದು ನನಗೆ ಅರ್ಥವಾದದ್ದು ಈ ಕಪ್ಪು ಬಟ್ಟೆಯಿಂದ.

ಆಮೇಲೆ ಕೂತವರನ್ನು ಕಿಟಕಿಯಿಂದ ದೂರ ಸರಿಸುತ್ತ ಹೋಗಿ. ಸಣ್ಣ ಬಲ್ಬಿನ ವಿಷಯದಲ್ಲಿ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಕಿಟಕಿ ಅಗಲವಾದದ್ದರಿಂದ ಹತ್ತಿರದಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ. ದೂರವಾದಂತೆ ಕಿಟಕಿಯೇ ಮುಖಕ್ಕೆ ಚಿಕ್ಕದಾಗಿ, ಮೂಗಿನ ನೆರಳಿನ ಅಂಚು ಚೂಪಾಗುತ್ತದೆ. ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳು ಅಷ್ಟು ಮೃದು. ಈ ಒಂದು ವಿಷಯ ಕೈವಶವಾದರೆ ಲೈಟಿಂಗಿನ ದೊಡ್ಡ ಪಾಲು ಬಂದಂತೆ.

ಮೂರನೆಯ ಅಭ್ಯಾಸ ಬಣ್ಣದ್ದು. ಸಂಜೆ ಹೊರಗೆ ನೀಲಿ ಉಳಿದಿರುವಾಗ ಒಳಗೆ ಹಳದಿ ಬಲ್ಬ್ ಹಚ್ಚಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಟ್ಟರೆ ಕೋಣೆ ಸಹಜವಾಗಿ, ಹೊರಗೆ ಕಡುನೀಲಿ. 5600ಕ್ಕೆ ಇಟ್ಟರೆ ಹೊರಗೆ ಸಹಜದ ಹತ್ತಿರಕ್ಕೆ ಬರುತ್ತದೆ, ಕೋಣೆ ಕಿತ್ತಳೆಯಾಗುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ಕ್ಯಾಮೆರಾ ಹೇಳಲಾರದು. ಕೋಣೆಯಲ್ಲಿ ಕೂತವಳು ಮನೆಗೆ ಬಂದ ನೆಮ್ಮದಿಯಲ್ಲಿದ್ದಾಳೋ, ಯಾರದೋ ದಾರಿ ಕಾಯುತ್ತಿದ್ದಾಳೋ, ಕಥೆಯನ್ನು ಕೇಳಬೇಕು.

ಗಣಿತ, ಭೌತಶಾಸ್ತ್ರ ಚೆನ್ನಾಗಿರಬೇಕೇ?

ಮೇಲೆ ಹಾಕಿದ ಸ್ಟಾಪುಗಳ ಲೆಕ್ಕ ಅರ್ಥವಾಯಿತೇ? ಅಷ್ಟು ಸಾಕು. ವಿದ್ಯುತ್ ಹೊರೆಯ ಲೆಕ್ಕ ಮಾತ್ರ ಕಲಿತಿಟ್ಟುಕೊಳ್ಳಿ, ಒಂದು ಲೈನಿಗೆ ಎಷ್ಟು ವ್ಯಾಟ್ ಹಾಕಬಹುದು ಎಂಬುದು ಜನರ ಜೀವದ ಪ್ರಶ್ನೆ.

ಹೆಣ್ಣುಮಕ್ಕಳಿಗೆ ಈ ಕೆಲಸ ಕಷ್ಟ ಅನ್ನುತ್ತಾರೆ. ನಿಜವೇ?

ಕೆಲಸ ಎಲ್ಲರಿಗೂ ಕಷ್ಟವೇ. ಹೆಣ್ಣುಮಕ್ಕಳಿಗೆ ಬಾಗಿಲು ತಡವಾಗಿ ತೆರೆದಿದ್ದಾರೆ ಎನ್ನುವುದು ನಿಜ. ಆಸ್ಕರ್ ಪ್ರಶಸ್ತಿ ಶುರುವಾದದ್ದು 1929ರಲ್ಲಿ. ಛಾಯಾಗ್ರಹಣಕ್ಕೆ ಒಬ್ಬ ಮಹಿಳೆ ನಾಮನಿರ್ದೇಶನಗೊಂಡದ್ದು 2018ರಲ್ಲಿ, ರೇಚಲ್ ಮಾರಿಸನ್. ಸುಮಾರು ತೊಂಬತ್ತು ವರ್ಷ ಹಿಡಿಯಿತು. ಆಮೇಲೆ 2022ರಲ್ಲಿ ಆರಿ ವೆಗ್ನರ್, 2023ರಲ್ಲಿ ಮ್ಯಾಂಡಿ ವಾಕರ್ ಆ ಪಟ್ಟಿಗೆ ಬಂದರು. ಭಾರ ಎತ್ತುವುದೇ ಅಡ್ಡಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರ ಎತ್ತಲು ಯೂನಿಟ್ ಇದೆ, ಕ್ಯಾಮೆರಾಗಳೂ ಹಗುರವಾಗಿವೆ. ನನ್ನ ಜೊತೆ ಫೋಕಸ್ ಹಿಡಿದವರಲ್ಲಿ ಅತ್ಯಂತ ನಂಬಿಕಸ್ಥೆ ಒಬ್ಬ ಹೆಣ್ಣುಮಗಳು. ಅವಳು ಫೋಕಸಿನಲ್ಲಿದ್ದರೆ ನಾನು ಮಾನಿಟರಿನಲ್ಲಿ ಮುಖವನ್ನು ಮಾತ್ರ ನೋಡುತ್ತಿದ್ದೆ.

ನನಗೆ ಮೂವತ್ತು ದಾಟಿದೆ. ತಡವಾಯಿತೇ?

ಇಲ್ಲ. ಆದರೆ ಸಹಾಯಕರ ದಿನಗಳಲ್ಲಿ ಸಂಪಾದನೆ ಕಡಿಮೆ, ಹೊತ್ತುಗೊತ್ತಿಲ್ಲದ ದುಡಿಮೆ. ಮನೆಯ ಜವಾಬ್ದಾರಿ ಇದ್ದರೆ ಎರಡು ಮೂರು ವರ್ಷದ ಖರ್ಚಿಗೆ ದಾರಿ ನೋಡಿಕೊಂಡು ಬನ್ನಿ. ಸಾಕ್ಷ್ಯಚಿತ್ರಗಳ ಕಡೆಗೆ ಹೋಗುವುದಾದರೆ ನಿಮ್ಮ ಜೀವನಾನುಭವ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ನಿರ್ದೇಶಕರಿಗೂ ನನಗೂ ಒಂದು ಶಾಟಿನ ಬಗ್ಗೆ ಒಮ್ಮತ ಬರದಿದ್ದರೆ?

ಚಿತ್ರೀಕರಣಕ್ಕೆ ಮುಂಚೆ ಎಷ್ಟು ಬೇಕಾದರೂ ವಾದ ಮಾಡಿ. ಚಿತ್ರಕಥೆಯನ್ನು ಜೊತೆಗೆ ಕೂತು ಓದಿ, ಪುಟ ಪುಟಕ್ಕೂ ಮಾತಾಡಿ, ಚಿತ್ರಪಟಗಳನ್ನೂ ಫೋಟೋಗಳನ್ನೂ ಮುಂದಿಟ್ಟುಕೊಂಡು "ಈ ಕತ್ತಲು ಇಷ್ಟೇ ಇರಲೋ, ಇನ್ನೂ ಬೇಕೋ" ಎಂದು ಕೇಳಿ. ಒಬ್ಬರ "ಡಾರ್ಕ್" ಇನ್ನೊಬ್ಬರ "ಡಾರ್ಕ್" ಅಲ್ಲ, ಚಿತ್ರ ತೋರಿಸದೆ ಒಪ್ಪಂದ ಮಾಡಿಕೊಳ್ಳಬೇಡಿ. ಸೆಟ್ಟಿಗೆ ಬಂದ ಮೇಲೆ ಒಂದು ಸಲ, ಪಕ್ಕಕ್ಕೆ ಕರೆದು, ಮೆಲ್ಲಗೆ ಹೇಳಿ. ಅವರು ಒಪ್ಪದಿದ್ದರೆ ಅವರ ಶಾಟನ್ನು ನಿಮ್ಮದೇ ಎಂಬಷ್ಟು ಶ್ರದ್ಧೆಯಿಂದ ತೆಗೆಯಿರಿ. ಅರೆಮನಸ್ಸಿನಿಂದ ತೆಗೆದ ಶಾಟ್ ತೆರೆಯ ಮೇಲೆ ಎದ್ದು ಕಾಣುತ್ತದೆ.

ಶೋರೀಲ್ ಹೇಗಿರಬೇಕು?

ಶೋರೀಲ್ ಎಂದರೆ ನಿಮ್ಮ ಕೆಲಸದ ಆಯ್ದ ತುಣುಕುಗಳ ವಿಡಿಯೋ. ಅದು ಎರಡು ನಿಮಿಷ ಮೀರದಿರಲಿ. ಅತ್ಯುತ್ತಮವಾದದ್ದು ಮೊದಲ ಹತ್ತು ಸೆಕೆಂಡಿನಲ್ಲೇ ಬರಲಿ. ಸೂರ್ಯಾಸ್ತ, ಡ್ರೋನ್ ಶಾಟ್‌ಗಳನ್ನು ತೆಗೆದುಹಾಕಿ, ಅವು ಎಲ್ಲರ ಬಳಿಯೂ ಇರುತ್ತವೆ. ಅದರ ಬದಲು ಒಂದು ಪೂರ್ತಿ ದೃಶ್ಯ ಇಡಿ: ಇಬ್ಬರು ಒಂದು ಕೋಣೆಯಲ್ಲಿ, ನಾಲ್ಕಾರು ಶಾಟ್, ಬೆಳಕು ಒಂದರಿಂದೊಂದಕ್ಕೆ ಕೂಡುತ್ತಿರಬೇಕು. ನನಗೆ ಸಹಾಯಕರು ಬೇಕಾದಾಗ ನಾನು ಮೊದಲು ಹುಡುಕುವುದು ಅದನ್ನೇ.

ನನ್ನ ಮಗಳಿಗೆ ಹನ್ನೆರಡು ವರ್ಷ, ಯಾವಾಗಲೂ ಫೋಟೋ ತೆಗೆಯುತ್ತಿರುತ್ತಾಳೆ. ತಾಯಿಯಾಗಿ ನಾನು ಏನು ಮಾಡಲಿ?

ಅಮ್ಮ, ಅವಳು ತೆಗೆದದ್ದನ್ನು ಕೂತು ನೋಡಿ. "ಚೆನ್ನಾಗಿದೆ" ಎಂದು ದಾಟಿಸದೆ, "ಇದನ್ನೇ ಯಾಕೆ ತೆಗೆದೆ?" ಎಂದು ಕೇಳಿ. ಉತ್ತರ ಹುಡುಕುವಾಗ ಅವಳಿಗೇ ತನ್ನ ಕಣ್ಣಿನ ಪರಿಚಯವಾಗುತ್ತದೆ. ವಾರಕ್ಕೆ 36 ಫೋಟೋ ಮಾತ್ರ ಎಂದು ಒಂದು ಆಟ ಹೂಡಿ. ಆಯ್ದ ಕೆಲವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಐದು ಫೋಟೋಗಳನ್ನು ನೆಲದ ಮೇಲೆ ಹರಡಿ ಒಂದು ಕಥೆಯಾಗುವಂತೆ ಜೋಡಿಸಲು ಹೇಳಿ. ಎರಡರ ಜಾಗ ಅದಲುಬದಲು ಮಾಡಿದರೆ ಕಥೆ ಬದಲಾಗುವುದನ್ನು ಅವಳು ನೋಡಿದ ದಿನ ಸಿನಿಮಾ ಪಾಠ ಶುರುವಾಯಿತು ಎಂದುಕೊಳ್ಳಿ. ಮುಂದೆ ಅವಳು ಏನಾಗುತ್ತಾಳೆ ಎಂಬುದನ್ನು ಈಗಲೇ ತೀರ್ಮಾನಿಸುವುದು ಬೇಡ.

ಸಿನಿಮಾಕ್ಕೆ ಬಂದ ಮೇಲೆ ಫೋಟೋ ತೆಗೆಯುವುದನ್ನು ಬಿಡಬೇಕಾಗುತ್ತದೆಯೇ?

ಬಿಟ್ಟರೆ ನಾನು ಕೆಲಸವನ್ನೇ ಮಾಡಲಾರೆ. ಲೊಕೇಶನ್ ನೋಡಲು ಹೋದಾಗ ಹೆಗಲಲ್ಲಿ ಸಣ್ಣ ಕ್ಯಾಮೆರಾ ಇದ್ದೇ ಇರುತ್ತದೆ. ಚಿತ್ರೀಕರಣ ನಡೆಯಬೇಕಾದ ಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು, ಗಂಟೆಗೊಂದರಂತೆ, ಒಂದೇ ಜಾಗದಿಂದ ಕಿಟಕಿಯ ಫೋಟೋ ತೆಗೆಯುತ್ತೇನೆ. ಪ್ರತಿಯೊಂದರ ಕೆಳಗೆ ಹೊತ್ತು ಬರೆಯುತ್ತೇನೆ. ಚಿತ್ರೀಕರಣದ ದಿನ ಆ ಹತ್ತು ಚಿತ್ರಗಳನ್ನು ಗೋಡೆಗೆ ಅಂಟಿಸಿ, ಸಹ ನಿರ್ದೇಶಕರನ್ನು ಕರೆದು, ಹನ್ನೊಂದು ಗಂಟೆಯ ಚಿತ್ರದ ಮೇಲೆ ಬೆರಳಿಡುತ್ತೇನೆ: ವೈಡ್ ಶಾಟ್ ಇದರೊಳಗೆ ಮುಗಿಯಬೇಕು.